ಕ್ಯೋಟೋ ಮಧ್ಯದಲ್ಲಿ ನೋಡೋಕೆ ಏನೂ ಇಲ್ವಂತೆ!

ಭಾಗ 1

"ಕ್ಯೋಟೋ ಸಿಟಿ ಒಳಗೆ ಏನೂ ಇಲ್ಲ, ಟೈಮ್ ವೇಸ್ಟ್. ಬೆಳಿಗ್ಗೆ ಕೆಂಪು ಕಮಾನು, ಮಧ್ಯಾಹ್ನ ಬಿದಿರು ಕಾಡು, ಸಂಜೆ ಒಸಾಕಾ ಟ್ರೈನ್." ಈ ರೀಲ್ ನಮ್ಮ ಕ್ಲಾಸ್ ಗ್ರೂಪಿಗೆ ಮೂರು ಸಲ ಬಂತು. ಮೂರು ಸಲಾನೂ ನನ್ನ ಟ್ಯಾಗ್ ಮಾಡಿ "ಹಾಗಾದ್ರೆ ನೀನು ನಾಲ್ಕು ದಿನ ಅಲ್ಲೇನ್ ಮಾಡ್ದೆ?" ಅಂತ ಕಾಲೆಳೆದ್ರಿ. ಸರಿ, ಹೇಳ್ತೀನಿ. ಚಿಕ್ಕಪ್ಪನ ಮನೆ ಒಸಾಕಾದಲ್ಲಿದೆ, ಅಲ್ಲಿಂದ ಕ್ಯೋಟೋಗೆ ಟ್ರೈನಲ್ಲಿ ಅರ್ಧ ಗಂಟೆ. ನಾಲ್ಕು ದಿನವೂ ನಾನು ಸುತ್ತಿದ್ದು ಊರಿನ ಮಧ್ಯದಲ್ಲೇ. ಇದು ಟ್ರಾವೆಲ್ ಗೈಡ್ ಅಲ್ಲ, ಜಗಳ. ಜೊತೆಗೆ ನಾನು ಮಾಡಿದ ಒಂದು ತಪ್ಪೂ ಇದೆ, ಅದು ಭಾಗ 6ರಲ್ಲಿ. ನೇರ ಅಲ್ಲಿಗೇ ಹಾರಬೇಡಿ.

ಭಾಗ 2

ಮೊದಲ ಕಂಪ್ಲೇಂಟ್: "ಮಾಮೂಲಿ ಸಿಟಿ ಥರಾನೇ ಇದೆ, ಹಳೇದೇನೂ ಕಾಣಲ್ಲ."

ಸಿಟಿ ಥರ ಇರೋದು ಯಾಕೆ ಅಂದ್ರೆ ಅದು ಸಿಟಿ! ಕ್ರಿ.ಶ. 794ರಲ್ಲಿ ರಾಜಧಾನಿ ಆಗಿ ಶುರುವಾಯ್ತು. ಚೀನಾದ ಚಾಂಗಾನ್ ನಗರದ ಮಾದರಿಯಲ್ಲಿ ಚೌಕಾಬಾರ ಮನೆ ಹಾಕಿದ ಹಾಗೆ ನೇರ ಬೀದಿಗಳು. ಆಮೇಲೆ ಎಷ್ಟು ಸಲ ಸುಟ್ಟಿದೆ ಗೊತ್ತಾ? 1788ರ ಬೆಂಕಿಯಲ್ಲಿ ಊರಿನ ಬಹುಭಾಗ ಹೋಯ್ತು. 1864ರಲ್ಲಿ ಅರಮನೆ ಬಾಗಿಲಲ್ಲಿ ಕಾಳಗ ಆಗಿ ಮತ್ತೆ ಹೊತ್ತಿ ಉರೀತು. ಎರಡನೇ ಮಹಾಯುದ್ಧದ ಕೊನೆಗೆ, ಬಾಂಬ್ ಬಿದ್ರೆ ಬೆಂಕಿ ಹರಡಬಾರದು ಅಂತ ಸಾಲು ಸಾಲು ಮನೆ ಕೆಡವಿದ್ರು. ಇವತ್ತು ನೀವು "ಅಯ್ಯೋ ಇಷ್ಟು ಅಗಲದ ರೋಡಾ" ಅನ್ನೋ ಓಯಿಕೆ, ಗೋಜೋ ರಸ್ತೆಗಳು ಅಗಲ ಆಗಿದ್ದು ಹಾಗೆ. ಆ ಅಗಲದ ಕೆಳಗೆ ಯಾರದ್ದೋ ಮನೆ ಇತ್ತು.

ಹಾಗಾಗಿ "ಸಾವಿರ ವರ್ಷದಿಂದ ಹಾಗೇ ಇರೋ ಊರು" ಅನ್ನೋ ರೀಲೂ ಸುಳ್ಳು, "ಏನೂ ಇಲ್ಲ" ಅನ್ನೋ ರೀಲೂ ಸುಳ್ಳು. ಇರೋದನ್ನ ಜನ ಕಷ್ಟಪಟ್ಟು ಉಳಿಸ್ಕೊಂಡಿದ್ದಾರೆ. 2007ರಲ್ಲಿ ಊರಿನ ಮಧ್ಯದ ಕಟ್ಟಡಗಳ ಎತ್ತರದ ಮಿತಿಯನ್ನ 45 ಮೀಟರಿಂದ 31ಕ್ಕೆ ಇಳಿಸಿದ್ರು. ಛಾವಣಿ ಮೇಲಿನ ಹೋರ್ಡಿಂಗ್, ಮಿಣುಕೋ ಬೋರ್ಡ್ ಎರಡೂ ಬ್ಯಾನ್. ಅಲ್ಲಿ ನಿಮ್ಮ ಫೋಟೋದಲ್ಲಿ ಆಕಾಶ ಕಂಡ್ರೆ ಅದಕ್ಕೆ ಯಾವನೋ ಬಿಲ್ಡರ್ ಲಾಸ್ ತಿಂದಿದ್ದಾನೆ ಅಂತ ಅರ್ಥ.

ಭಾಗ 3

ಫೋಟೋ 4 ನೋಡಿ. ನೆಲದಲ್ಲಿ ಒಂದು ಆರು ಮೂಲೆಯ ಕಲ್ಲು, ಮಧ್ಯದಲ್ಲಿ ತೂತು. ಲೈಕ್ ಬಂದಿದ್ದು 19, ಅದರಲ್ಲಿ ಒಂದು ನಮ್ಮಮ್ಮಂದು.

ಇದು ರೊಕ್ಕಾಕುದೋ ದೇವಾಲಯದ 'ಹೊಕ್ಕುಳ ಕಲ್ಲು'. ಕ್ಯೋಟೋದ ನಟ್ಟನಡು ಇದೇ ಅಂತ ಅಲ್ಲಿಯವರ ನಂಬಿಕೆ. ಇಕೆಬಾನಾ, ಅಂದ್ರೆ ಹೂ ಜೋಡಿಸೋ ಕಲೆ, ಬೆಳೆದಿದ್ದು ಈ ದೇವಸ್ಥಾನದ ಪೂಜಾರಿಗಳ ಕೈಯಲ್ಲಿ. ಪಕ್ಕದ ಆಫೀಸ್ ಬಿಲ್ಡಿಂಗಿನ ಗಾಜಿನ ಲಿಫ್ಟ್ ಹತ್ತಿದ್ರೆ ಆರು ಮೂಲೆಯ ಛಾವಣಿ ಮೇಲಿಂದ ಕಾಣುತ್ತೆ. ಟಿಕೆಟ್ ಇಲ್ಲ. ನಾನು ಮೂರು ಸಲ ಹತ್ತಿ ಇಳಿದೆ.

ಅಲ್ಲಿಂದ ಸ್ವಲ್ಪ ನಡೆದ್ರೆ ಮಾಂಗಾ ಮ್ಯೂಸಿಯಂ, ಸುಮಾರು 3 ಲಕ್ಷ ವಸ್ತುಗಳ ಸಂಗ್ರಹ. ಗೋಡೆ ಉದ್ದಕ್ಕೂ ಪುಸ್ತಕ, ಎತ್ಕೊಂಡು ಹೊರಗೆ ಹುಲ್ಲಿನ ಮೇಲೆ ಮಲಗಿ ಓದಬಹುದು. ಆದರೆ ನನಗೆ ತಲೆ ತಿರುಗಿದ್ದು ಆ ಕಟ್ಟಡದ ಕಥೆ ಕೇಳಿ. ಅದು ಹಳೇ ಪ್ರೈಮರಿ ಸ್ಕೂಲ್. 1869ರಲ್ಲಿ ಚಕ್ರವರ್ತಿ ಟೋಕಿಯೋಗೆ ಹೋದ. ರಾಜಧಾನಿ ಅನ್ನೋ ಪಟ್ಟ ಹೋಯ್ತು, ಅದರ ಹಿಂದೆ ವ್ಯಾಪಾರವೂ ಹೊರಟಿತು. ಅದೇ ವರ್ಷ ಊರಿನ ಕೇರಿಕೇರಿಯ ಜನ ದುಡ್ಡು ಹಾಕಿ 64 ಸ್ಕೂಲ್ ಎಬ್ಬಿಸಿದ್ರು. ಮನೇಲಿ ಮಕ್ಕಳಿರಲಿ ಬಿಡಲಿ, ಒಲೆ ಉರಿಯೋ ಮನೆ ಪಾಲು ಕೊಡಬೇಕು. ದೇಶಕ್ಕೆಲ್ಲ ಸರ್ಕಾರಿ ಶಿಕ್ಷಣ ಪದ್ಧತಿ ಬಂದಿದ್ದು 1872ರಲ್ಲಿ, ಇವರದ್ದು ಮೂರು ವರ್ಷ ಮುಂಚೆ. ಆ 64ರಲ್ಲಿ ಒಂದು ಈ ಕಟ್ಟಡದ ಸ್ಕೂಲ್. ಕೊನೆಗೆ ಕೇರೀಲಿ ಮಕ್ಕಳೇ ಕಮ್ಮಿಯಾಗಿ ಮುಚ್ಚಿತು, 2006ರಲ್ಲಿ ಮ್ಯೂಸಿಯಂ ಆಯ್ತು. ಮರದ ಮೆಟ್ಟಿಲು ಇನ್ನೂ ಕಿರ್ ಅನ್ನುತ್ತೆ.

ಗಿಯೋನ್ ಹಬ್ಬದ ರಥಗಳೂ ಹೀಗೇ. ಜುಲೈ 17 ಮತ್ತು 24ಕ್ಕೆ ಹೊರಡೋ 34 ರಥಗಳನ್ನ ನೋಡ್ಕೊಳ್ಳೋದು ಆಯಾ ಕೇರಿಯವರು. ಆ ರಥಗಳ ಮೇಲೆ ಹೊದಿಸೋ ಹಳೇ ಜಮಖಾನೆಗಳಲ್ಲಿ ಭಾರತದವೂ ಇವೆ. ಕೆಲವು ನಮ್ಮ ದಖ್ಖನಿನಲ್ಲಿ ನೇಯ್ದವು ಅಂತ ಸಂಶೋಧಕರು ಗುರುತಿಸಿದ್ದಾರೆ. ಈಗ ಹೇಳಿ, ಏನೂ ಇಲ್ವಾ?

ಭಾಗ 4

ನಿಜೋ ಕೋಟೆ. ಇಲ್ಲಿ ಫೋಟೋ ಇಲ್ಲ, ಖಾಲಿ ಕಪ್ಪು ಸ್ಲೈಡ್ ಹಾಕಿದ್ದೀನಿ. ಒಳಗಿನ ನಿನೊಮಾರು ಅರಮನೆಯಲ್ಲಿ ಕ್ಯಾಮೆರಾ ತೆಗೆಯೋ ಹಾಗಿಲ್ಲ. "ದುಡ್ಡು ಕೊಟ್ಟು ಹೋದ್ರೂ ಫೋಟೋ ಬಿಡಲ್ಲ, ಸ್ಕಿಪ್ ಮಾಡಿ" ಅಂದಿದ್ದಾನೆ ಆ ರೀಲ್ ಪುಣ್ಯಾತ್ಮ.

ಅಣ್ಣಾ, 1603ರಲ್ಲಿ ತೊಕುಗಾವಾ ಇಯೆಯಾಸು ಕಟ್ಟಿಸಿದ ಕೋಟೆ ಅದು. ಅದೇ ವಂಶದ ಕೊನೇ ಶೋಗನ್ 1867ರಲ್ಲಿ ಅಧಿಕಾರ ವಾಪಸ್ ಕೊಡ್ತೀನಿ ಅಂತ ಹೇಳಿದ್ದೂ ಅದೇ ಅರಮನೆಯಲ್ಲಿ. ಇನ್ನೂರೈವತ್ತು ಚಿಲ್ಲರೆ ವರ್ಷದ ಆಳ್ವಿಕೆ, ಓಪನಿಂಗ್ ಬ್ಯಾಲೆನ್ಸೂ ಕ್ಲೋಸಿಂಗ್ ಬ್ಯಾಲೆನ್ಸೂ ಒಂದೇ ಪುಟದಲ್ಲಿ. ಕಾರಿಡಾರಿನ ಹಲಗೆ ಮೇಲೆ ಕಾಲಿಟ್ರೆ ಉಗುಯಿಸು ಅನ್ನೋ ಹಕ್ಕಿ ಥರ ಚಿಲಿಪಿಲಿ ಸದ್ದು. ಕಳ್ಳರು ಬಂದ್ರೆ ಗೊತ್ತಾಗಲಿ ಅಂತ ಮಾಡಿದ್ದು ಅಂತ ಕಥೆ. ಕೆಳಗಿನ ಮೊಳೆ, ಕೊಕ್ಕೆಗಳು ಸಡಿಲ ಆಗಿ ಉಜ್ಜೋ ಸದ್ದು ಅಷ್ಟೇ ಅಂತಾನೂ ಹೇಳ್ತಾರೆ. ಯಾವುದಾದ್ರೂ ಇರ್ಲಿ, ಅದು ಕಿವಿಯಿಂದ ನೋಡೋ ಜಾಗ. ಎಲ್ಲರ ಫೋನ್ ಜೇಬಲ್ಲಿತ್ತು, ಅದಕ್ಕೇ ಸದ್ದು ಕೇಳಿಸ್ತು.

ಭಾಗ 5

ನಿಶಿಕಿ ಮಾರ್ಕೆಟ್ ಬಗ್ಗೆ ನಾನೂ ಸ್ವಲ್ಪ ಗೊಣಗ್ತೀನಿ. ಸುಮಾರು 390 ಮೀಟರ್ ಉದ್ದದ ಕಿರಿದಾದ ಓಣಿ, ಮೇಲೆ ಬಣ್ಣದ ಮಾಡು. 'ಕ್ಯೋಟೋದ ಅಡುಗೆಮನೆ' ಅನ್ನೋ ಹೆಸರು. ಇತೋ ಜಾಕುಚು ಅಂತ ದೊಡ್ಡ ಚಿತ್ರಕಾರ, ಆ ಹುಂಜಗಳ ಚಿತ್ರದವನು, ಹುಟ್ಟಿದ್ದು 1716ರಲ್ಲಿ ಇಲ್ಲಿಯ ತರಕಾರಿ ಮಂಡಿ ಮನೇಲಿ. ಪಕ್ಕದ ಮಾರ್ಕೆಟ್ಟಿನವರು ಇದನ್ನ ಮುಚ್ಚಿಸೋಕೆ ಹೊರಟಾಗ ಬ್ರಷ್ ಬದಿಗಿಟ್ಟು ಇದನ್ನ ಉಳಿಸೋಕೆ ಓಡಾಡಿದ.

ಈಗ? ಉಪ್ಪಿನಕಾಯಿ, ಒಣಮೀನು ಅಂಗಡಿಗಳ ಮಧ್ಯೆ ಕಡ್ಡಿಗೆ ಚುಚ್ಚಿದ ಟೂರಿಸ್ಟ್ ತಿಂಡಿ. ನಡೀತಾ ತಿನ್ನಬೇಡಿ ಅಂತ ಬೋರ್ಡ್ ಹಾಕಿದ್ದಾರೆ, ಅದರ ಕೆಳಗೇ ನಿಂತು ತಿನ್ತಾ ನಡೀತಿದ್ರು. ಇದು ಅಂಗಡಿಯವರ ತಪ್ಪು ಅಂತ ನಾನು ಹೇಳಲ್ಲ. ಡಿಮ್ಯಾಂಡ್ ಯಾರದ್ದು? ಊರಿನ ಅಜ್ಜಿ ವಾರಕ್ಕೊಮ್ಮೆ ತಗೊಳ್ಳೋ ಉಪ್ಪಿನಕಾಯಿ ನಮಗೆ ಬೇಡ, ನಮಗೆ ಬೇಕಿರೋದು ಹಿಡ್ಕೊಂಡು ಪೋಸ್ ಕೊಡೋಕೆ ಒಂದು ಕಡ್ಡಿ. ಎರಡೂ ಕೈಲೂ ಬ್ಯಾಗ್ ಹಿಡಿದ ಒಬ್ಬ ಅಜ್ಜಿ ನಮ್ಮ ಗುಂಪು ದಾಟೋಕಾಗದೆ ಪಕ್ಕದ ಓಣಿಗೆ ತಿರುಗಿದ್ದನ್ನ ನಾನೇ ನೋಡಿದೆ.

ಭಾಗ 6

ಕಾಮೋ ನದಿ ದಾಟಿದ್ರೆ ಗಿಯೋನ್. ಇಲ್ಲಿಂದ ನನ್ನ ವಿಷಯ.

ಆ ಬೀದಿಯ ಪಕ್ಕದ ಸಣ್ಣ ಓಣಿಗಳು ಖಾಸಗಿ ಜಾಗ. 2019ರಲ್ಲೇ ಅಲ್ಲಿಯ ನಿವಾಸಿಗಳು ಫೋಟೋ ತೆಗೆದ್ರೆ 10,000 ಯೆನ್ ಅಂತ ಬೋರ್ಡ್ ಹಾಕಿದ್ರು. ಆದರೂ ಜನ ನಿಲ್ಲಲಿಲ್ಲ. 2024ರಲ್ಲಿ ಕೆಲವು ಓಣಿಗಳಿಗೆ ಟೂರಿಸ್ಟ್ ಬರೋದೇ ಬೇಡ ಅಂದ್ರು. "ರೇಸಿಸಂ" ಅಂತ ಕಾಮೆಂಟ್ ಹಾಕಿದವರು ನಮ್ಮಲ್ಲೂ ಇದ್ದಾರೆ.

ಬೋರ್ಡ್ ನನಗೆ ಕಾಣಿಸ್ತು. ಆದರೂ ಮುಂದೆ ಹೋಗ್ತಿದ್ದ ಮಾಯ್ಕೋ ಹಿಂದೆ ಫೋನ್ ಎತ್ಕೊಂಡು ಓಡಿದೆ. ಮಾಯ್ಕೋ ಅಂದ್ರೆ ಗೇಯ್ಷಾ ವಿದ್ಯೆ ಕಲೀತಿರೋ ಹುಡುಗಿ, ನಮಗಿಂತ ಚಿಕ್ಕವಳೇ ಇರಬೇಕು, ಕೆಲಸಕ್ಕೆ ಹೋಗ್ತಿದ್ಲು. ತಿರುಗಿ ನೋಡದೆ ಬಿರಬಿರನೆ ನಡೆದು ಒಂದು ಬಾಗಿಲೊಳಗೆ ಹೋದ್ಲು. ಒಬ್ಬ ಅಜ್ಜಿ ಹೊರಗೆ ಬಂದು ನನಗೆ ಕೈ ಅಡ್ಡ ಆಡಿಸಿದ್ರು. ನಾನು ನಕ್ಕು "ಸಾರಿ" ಅಂದೆ. ಚಿಕ್ಕಪ್ಪನ ಮಗಳು, 13 ವರ್ಷ, ಜಪಾನಿ ಸ್ಕೂಲಲ್ಲಿ ಓದೋಳು, ನನ್ನ ಪಕ್ಕ ನಿಂತು ಸೊಂಟ ಬಗ್ಗಿಸಿ ಕ್ಷಮೆ ಕೇಳಿದ್ಲು. ಒಂದಲ್ಲ, ಮೂರು ಸಲ.

ಟ್ರೈನಲ್ಲಿ ಅವಳಂದಿದ್ದು: "ನೀನು ವಾಪಸ್ ಹೋಗ್ತೀಯಾ. ನಾನು ಇಲ್ಲೇ ಇರಬೇಕಲ್ವಾ. ನಾಳೆ ಯಾರಾದ್ರೂ ಫಾರಿನರ್ಸ್ ಹಿಂಗೇ ಅಂದ್ರೆ ಅದರಲ್ಲಿ ನಾನೂ ಸೇರ್ತೀನಿ."

ನಾನು ಆ ರಾತ್ರಿನೇ ರೀಲ್ ಹಾಕಿದೆ. 41 ಸಾವಿರ ವ್ಯೂಸ್. ನೀವೆಲ್ಲ ಬೆಂಕಿ ಎಮೋಜಿ ಹಾಕಿದ್ರಿ.

ಭಾಗ 7

ಲಾಭ ಒಬ್ಬರಿಗೆ, ಖರ್ಚು ಮೂರನೆಯವರಿಗೆ. ಎಕನಾಮಿಕ್ಸ್ ಪೇಪರಲ್ಲಿ ಇದಕ್ಕೆ ಎಕ್ಸ್‌ಟರ್ನಾಲಿಟಿ ಅಂತ ಬರೆದು ಮಾರ್ಕ್ಸ್ ತಗೊಂಡಿದ್ದೀನಿ. ವ್ಯೂಸ್ ನನಗೆ, ಬಗ್ಗಿದ ಸೊಂಟ ಅವಳದ್ದು.

ಅದಕ್ಕೇ ಕ್ಯೋಟೋ ಹೋಟೆಲ್ ಟ್ಯಾಕ್ಸ್ ಏರಿಸಿದ್ದನ್ನ "ಲೂಟಿ" ಅನ್ನೋರ ಜೊತೆ ನಾನಿಲ್ಲ. 2026ರ ಮಾರ್ಚಿಂದ ಸ್ಲ್ಯಾಬ್ ನೋಡಿ: ರಾತ್ರಿಗೆ 6,000 ಯೆನ್ ಒಳಗಿನ ರೂಮಿಗೆ ತಲೆಗೆ 200 ಯೆನ್, 1 ಲಕ್ಷ ಯೆನ್ ದಾಟಿದ್ರೆ 10,000. ನಮ್ಮಂಥವರಿಗೆ ಬೀಳೋದು ಒಂದು ಟೀ ದುಡ್ಡು. ಅಗ್ಗದ ಒಂದು ದಿನದ ಬಸ್ ಪಾಸನ್ನೂ ನಿಲ್ಲಿಸಿದ್ರು, ಯಾಕಂದ್ರೆ ಬಸ್ಸೆಲ್ಲ ನಮ್ಮ ಸೂಟ್‌ಕೇಸುಗಳೇ ತುಂಬಿ ಆಸ್ಪತ್ರೆಗೆ, ಸ್ಕೂಲಿಗೆ ಹೋಗೋರು ಸ್ಟಾಪಲ್ಲೇ ನಿಲ್ತಿದ್ರು. ಸಬ್‌ವೇ ಇದೆ. ಕಾಲು ಇದೆ. ಮೇಲೆ ಹೇಳಿದ್ದರಲ್ಲಿ ಬಹಳಷ್ಟಕ್ಕೆ ನಾನು ನಡ್ಕೊಂಡೇ ಹೋಗಿದ್ದು.

ಆ ಮಾಯ್ಕೋ ರೀಲನ್ನ ನಿನ್ನೆ ಡಿಲೀಟ್ ಮಾಡಿದೆ. ನಿಮ್ಮಲ್ಲಿ ಆರು ಜನ ಅದನ್ನ ಡೌನ್‌ಲೋಡ್ ಮಾಡಿ ಸ್ಟೇಟಸ್ ಇಟ್ಟಿದ್ದು ನನಗೆ ಗೊತ್ತು. ದಯವಿಟ್ಟು ತೆಗೀರಿ. ತೆಗೆದ್ಮೇಲೆ ಒಂದು ಮೆಸೇಜ್ ಹಾಕಿ, ಅವಳಿಗೆ ಹೇಳಬೇಕು.