ಸೊಕ್ಕೋ, ಹುಂಬತನವೋ?

ಈಚೆಗೆ ನಮ್ಮ ಬರವಣಿಗೆಯಲ್ಲಿ ಒಂದು ಮಾತು ಬಹಳವಾಗಿ ಮೆರೆಯುತ್ತಿದೆ. ‘ಓವರ್ ಕಾನ್ಫಿಡೆಂಟ್’ ಎಂಬುದೇ ಆ ಮಾತು. ಚುನಾವಣೆಯಲ್ಲಿ ಸೋತ ಅಭ್ಯರ್ಥಿ ಓವರ್ ಕಾನ್ಫಿಡೆಂಟ್ ಆಗಿದ್ದನು. ಗೆಲ್ಲುವ ಆಟವನ್ನು ಕೈಚೆಲ್ಲಿದ ತಂಡ ಓವರ್ ಕಾನ್ಫಿಡೆಂಟ್ ಆಗಿತ್ತು. ತುಂಬಿ ಹರಿಯುವ ಹಳ್ಳಕ್ಕೆ ಬೈಕು ಇಳಿಸಿದ ಹುಡುಗನೂ ಹಾಗೆಯೇ, ಹಿರಿಯರಿಗೆ ಎದುರು ಮಾತಾಡಿದ ಕಥಾನಾಯಕಿಯೂ ಹಾಗೆಯೇ. ಪತ್ರಿಕೆಯ ವರದಿ, ಸಣ್ಣಕಥೆ, ಪುಸ್ತಕವಿಮರ್ಶೆ, ನನ್ನ ವಿದ್ಯಾರ್ಥಿಗಳ ಪ್ರಬಂಧ—ಎಲ್ಲಿ ನೋಡಿದರೂ ಈ ಮಹಾಶಯನ ದರ್ಶನವಾಗುತ್ತದೆ.

ಕನ್ನಡದ ಮೇಷ್ಟರಿಗೆ ಇಂಗ್ಲಿಷ್ ಕಂಡರೆ ಮೈಲಿಗೆಯೆಂದು ಓದುಗರು ಮುಗುಳ್ನಗಬಹುದು. ನಾನು ಅಂಥ ಮಡಿವಂತನಲ್ಲ. ಬಸ್ಸು, ರೈಲು, ಪೆನ್ನುಗಳನ್ನು ಹೊರಗಟ್ಟಬೇಕೆಂದು ನಾನು ಎಂದೂ ವಾದಿಸಿಲ್ಲ. ನಾನು ವಾಸವಾಗಿರುವ ಕುಡತಿನಿಯು ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿದೆ. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಈ ಸೀಮೆ ಮದರಾಸಿನ ಆಡಳಿತದಲ್ಲಿತ್ತು. ಒಂದೇ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರನ್ನೂ ಆಡಿ ವ್ಯಾಪಾರ ಮುಗಿಸುವ ಜನ ನಾವು. ಪರಭಾಷೆಯ ಮಾತಿಗೆ ಹೆದರುವ ಸ್ವಭಾವ ಈ ಮಣ್ಣಿನಲ್ಲಿಲ್ಲ.

‘ಧಿಮಾಕು’ ಎಂಬ ಮಾತನ್ನೇ ನೋಡಿ. ಅದು ಪಾರಸಿ-ಉರ್ದುಗಳ ದಾರಿಯಿಂದ ಬಂದದ್ದು. ಮೂಲದಲ್ಲಿ ಅದರ ಅರ್ಥ ಮಿದುಳು. ನಮ್ಮ ಜನ ಅದನ್ನು ಹಿಡಿದು, ತಲೆಯೊಳಗಿನ ವಸ್ತುವನ್ನು ಬಿಟ್ಟು, ತಲೆಗೇರಿದ ಗುಣಕ್ಕೆ ಹೆಸರಾಗಿ ಇಟ್ಟುಕೊಂಡರು. ‘ಎಷ್ಟು ಧಿಮಾಕು ನೋಡು’ ಎಂದಾಗ ಕಣ್ಣಮುಂದೆ ಒಬ್ಬ ಮನುಷ್ಯ ನಿಲ್ಲುತ್ತಾನೆ. ಅವನ ನಡಿಗೆ, ಅವನ ವಾರೆನೋಟ ಕೂಡ ಕಾಣುತ್ತವೆ. ಬಂದ ಮಾತು ಹೀಗೆ ದುಡಿಯಬೇಕು. ದುಡಿಯುವ ಮಾತಿಗೆ ನಮ್ಮ ಮನೆಯಲ್ಲಿ ಸದಾ ಊಟವುಂಟು.

‘ಓವರ್ ಕಾನ್ಫಿಡೆಂಟ್’ ದುಡಿಯುವುದಿಲ್ಲ. ದುಡಿಯುತ್ತಿದ್ದ ಹತ್ತು ಮಾತುಗಳನ್ನು ಕೆಲಸದಿಂದ ಬಿಡಿಸಿ, ಅವುಗಳ ಜಾಗದಲ್ಲಿ ಸುಮ್ಮನೆ ಕುಳಿತಿದೆ. ಕನ್ನಡದಲ್ಲಿ ಸೊಕ್ಕು ಬೇರೆ, ಜಂಬ ಬೇರೆ. ಸೊಕ್ಕಿಗೆ ಅಮಲು ಎಂಬ ಅರ್ಥವೂ ಇದೆ. ಅಧಿಕಾರವೋ ಹಣವೋ ನೆತ್ತಿಗೇರಿದವನದು ಸೊಕ್ಕು. ತನ್ನಲ್ಲಿರುವುದನ್ನು ಹತ್ತು ಜನರಿಗೆ ತೋರಿಸುವವನದು ಜಂಬ. ಇಲ್ಲದ್ದನ್ನು ತೋರಿಸುವವನದು ಒಣಜಂಬ. ಹಿಂದುಮುಂದು ನೋಡದೆ ಹಳ್ಳಕ್ಕೆ ಬೈಕು ಇಳಿಸಿದ್ದು ಹುಂಬತನ. ನೀರಿನ ಸೆಳೆತ ಗೊತ್ತಿದ್ದೂ, ದಂಡೆಯಲ್ಲಿದ್ದವರು ಕೂಗಿ ತಡೆದರೂ ಇಳಿಸಿದ್ದರೆ ಅದು ಭಂಡಧೈರ್ಯ. ಬಂದಾಗ ನೋಡಿಕೊಂಡರಾಯಿತೆಂದು ತಯಾರಿಯನ್ನೇ ಮಾಡದಿರುವುದು ಉಡಾಫೆ. ಮತ ಎಣಿಸುವ ಮುನ್ನವೇ ಸಿಹಿ ತರಿಸಿಟ್ಟವರ ವಿಷಯದಲ್ಲಿ ನಮ್ಮ ಅಜ್ಜಿಯರು ‘ಕೂಸು ಹುಟ್ಟುವ ಮುನ್ನ ಕುಲಾವಿ’ ಎಂದು ನಾಲ್ಕು ಮಾತಿನಲ್ಲಿ ಮುಗಿಸುತ್ತಿದ್ದರು. ಇವುಗಳಲ್ಲಿ ಕೆಲವು ಪಾಪಗಳು, ಕೆಲವು ತಪ್ಪುಗಳು, ಕೆಲವು ಬರಿಯ ಎಳಸುತನಗಳು. ಎಲ್ಲಕ್ಕೂ ಒಂದೇ ಚೀಟಿ ಅಂಟಿಸಿದರೆ ಹಾನಿ ಭಾಷೆಗೆ ಮಾತ್ರವಲ್ಲ, ನ್ಯಾಯಕ್ಕೂ ಆಗುತ್ತದೆ.

ಇದು ಉತ್ಪ್ರೇಕ್ಷೆಯೆಂದು ತೋರಬಹುದು. ಆದರೆ ಈ ಅನ್ಯಾಯವನ್ನು ನಾನೇ ಮಾಡಿದ್ದೇನೆ; ಅದನ್ನು ಹೇಳದೆ ಇತರರನ್ನು ದೂರುವುದು ಯುಕ್ತವಲ್ಲ.

ನಾನು ಪಾಠ ಹೇಳುವ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಪ್ರಗತಿಯನ್ನು ಮನೆಯವರಿಗೆ ತಿಳಿಸುವ ಒಂದು ಪತ್ರವುಂಟು. ಅದರಲ್ಲಿ ‘ಸ್ವಭಾವ’ ಎಂಬುದಕ್ಕೆ ಒಂದು ಗೆರೆಯಷ್ಟು ಜಾಗ. ಬಿ.ಎ. ತರಗತಿಯ ಒಬ್ಬ ಹುಡುಗಿಯ ಪತ್ರದಲ್ಲಿ ನಾನು, ಕನ್ನಡದ ಅಧ್ಯಾಪಕ, ‘ಓವರ್ ಕಾನ್ಫಿಡೆಂಟ್’ ಎಂದು ಕನ್ನಡ ಅಕ್ಷರದಲ್ಲಿ ಬರೆದು ರುಜು ಹಾಕಿದೆ. ಹದಿನೈದನೆಯ ಪತ್ರವೋ ಇಪ್ಪತ್ತನೆಯದೋ, ಕೈ ಸೋತಿತ್ತು. ನಾಲ್ಕನೆಯ ದಿನ ಆಕೆಯ ತಂದೆ ಬಂದರು. ಮೆಣಸಿನಕಾಯಿ ಬೆಳೆಯುವ ರೈತರು. ಪತ್ರವನ್ನು ನನ್ನ ಮುಂದೆ ಬಿಡಿಸಿಟ್ಟು ಕೇಳಿದರು:

“ಅಕ್ಷರ ನಮ್ಮವೇ ಅದಾವ್ರಿ ಸಾರ್, ಮಾತು ತಿಳಿವಲ್ದು. ನಿಮ್ಮ ಹುಡುಗಿ ಸೊಕ್ಕಿನಾಕಿ ಅಂತ ಬರದಾರ ಅಂತ ನಮ್ಮಣ್ಣ ಹೇಳಿದ. ಸಾಕಿನ್ನ, ಕಾಲೇಜು ಬಿಡಿಸು ಅಂತಾನ. ಖರೇನಾ ಹಂಗ ಬರದೀರೇನ್ರಿ?”

ನನ್ನ ಬಾಯಿ ಕಟ್ಟಿತು. ಆ ಹುಡುಗಿಯಲ್ಲಿ ಸೊಕ್ಕಿನ ಸುಳಿವೂ ಇರಲಿಲ್ಲ. ಆಕೆ ಮಾಡಿದ್ದಿಷ್ಟೇ: ಕಿರುಪರೀಕ್ಷೆಯಲ್ಲಿ ಅರ್ಧ ಗಂಟೆ ಮೊದಲೇ ಉತ್ತರಪತ್ರಿಕೆ ಕೊಟ್ಟು ಎದ್ದುಹೋದಳು, ಹಾಳೆಯ ಹಿಂಬದಿಯಲ್ಲಿದ್ದ ಪ್ರಶ್ನೆಯನ್ನು ನೋಡಿರಲೇ ಇಲ್ಲ. ಈ ಒಂದು ಸಂಗತಿಯನ್ನು ಇದ್ದ ಹಾಗೆ ಬರೆಯುವ ಬದಲು ನಾನು ಆಕೆಯ ಸ್ವಭಾವಕ್ಕೇ ತೀರ್ಪು ಕೊಟ್ಟಿದ್ದೆ. ಅದೂ ಮನೆಯವರು ತಮಗೆ ತೋಚಿದ ಹಾಗೆ ತಿಳಿದುಕೊಳ್ಳಬಹುದಾದ ತೀರ್ಪು.

ಗುಣವಾಚಕದ ಅಪಾಯ ಇರುವುದು ಇಲ್ಲಿಯೇ. ಕನ್ನಡವು ಈ ಬಗೆಯ ದೋಷಗಳನ್ನು ಕ್ರಿಯಾಪದಗಳಲ್ಲಿ ಹೇಳಲು ಇಷ್ಟಪಡುತ್ತದೆ: ಬೀಗಿದನು, ಉಬ್ಬಿದನು, ಮೆರೆದನು, ಹಾರಾಡಿದನು. ಹಾಗೆ ಬರೆದ ಕೂಡಲೆ ‘ಯಾವಾಗ? ಏನು ಮಾಡಿ?’ ಎಂದು ಓದುಗನು ಕೇಳುತ್ತಾನೆ. ಬರೆದವನು ಸಾಕ್ಷಿ ಕೊಡಬೇಕಾಗುತ್ತದೆ. ‘ಓವರ್ ಕಾನ್ಫಿಡೆಂಟ್ ಆಗಿದ್ದನು’ ಎಂದರೆ ಯಾರೂ ಸಾಕ್ಷಿ ಕೇಳುವುದಿಲ್ಲ. ದೊಡ್ಡವರ ವಿಷಯದಲ್ಲಿ ಈ ಮಾತು ತಪ್ಪಿಗೆ ಹೊದಿಸುವ ಶಾಲು. ಜನರ ಮಾತಿಗೆ ಕಿವಿಗೊಡದೆ ಸೋತ ಮುಖಂಡನನ್ನು ಸೊಕ್ಕಿದವನೆಂದು ಬರೆಯಲು ಧೈರ್ಯ ಬೇಕು, ಓವರ್ ಕಾನ್ಫಿಡೆಂಟ್ ಎನ್ನಲು ಬೇಡ. ಬಡವರ ಮಕ್ಕಳ ವಿಷಯದಲ್ಲಿ ಅದೇ ಮಾತು ಬಾಸುಂಡೆ.

ನಮ್ಮ ಊರನ್ನು ಇಂದು ಉಷ್ಣವಿದ್ಯುತ್ ಸ್ಥಾವರದಿಂದ ಬಲ್ಲವರೇ ಹೆಚ್ಚು. ಪ್ರಾಕ್ತನಶಾಸ್ತ್ರ ಓದಿದವರು ಮಾತ್ರ ಇಲ್ಲಿಯ ಬೂದಿದಿಬ್ಬವನ್ನು ನೆನೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂಬೋಲ್ಡ್ ಮೊದಲಾದವರು ಈ ಸೀಮೆಯ ಬೂದಿದಿಬ್ಬಗಳನ್ನು ಕುರಿತು ಬರೆದರು. ಜ್ವಾಲಾಮುಖಿಯ ಬೂದಿ ಎಂದವರುಂಟು, ಕುಲುಮೆಯದು ಎಂದವರುಂಟು. ರಾಬರ್ಟ್ ಬ್ರೂಸ್ ಫೂಟ್ ದನದ ಸಗಣಿಯ ಕಡೆಗೆ ಬೆರಳು ತೋರಿಸಿದನು; ಎಫ್. ಆರ್. ಆಲ್ಚಿನ್ 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಸಗಣಿ ಸುಟ್ಟು ಆದ ದಿಬ್ಬಗಳೆಂದು ವಿಸ್ತಾರವಾಗಿ ವಾದಿಸಿದರು. ಯಾವುದರ ಬೂದಿ ಎಂದು ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಅಗೆದು, ಪರೀಕ್ಷಿಸಿ, ಜಗಳವಾಡಬೇಕಾಯಿತು. ಸುಟ್ಟ ಮೇಲೆ ಎಲ್ಲದರ ಬಣ್ಣವೂ ಒಂದೇ. ಸೊಕ್ಕು, ಜಂಬ, ಹುಂಬತನ, ಉಡಾಫೆಗಳನ್ನು ನಾವು ನಮ್ಮ ಕೈಯಾರೆ ಸುಟ್ಟು ಒಂದು ಬೂದಿ ಮಾಡುತ್ತಿದ್ದೇವೆ. ಮುಂದೆ ಯಾರು ಅಗೆದು ನೋಡಬೇಕು?

ಹೊಸ ಮಾತನ್ನು ಟಂಕಿಸಬೇಕೆಂದು ನಾನು ಯಾರನ್ನೂ ಕೇಳುತ್ತಿಲ್ಲ. ತನ್ನ ಶಕ್ತಿಯ ಅಳತೆ ತಪ್ಪಿದವನಿಗೆ ‘ಅತಿವಿಶ್ವಾಸ’ ಎಂಬ ಮಾತೂ ಸಿದ್ಧವಾಗಿದೆ. ಅಷ್ಟೇ ಹೇಳಬೇಕಾದಾಗ ಅದನ್ನೇ ಬಳಸಬಹುದು. ಪತ್ರಿಕೆಯ ಸಂಪಾದಕರಲ್ಲಿ, ಕಥೆಗಾರರಲ್ಲಿ, ಮುಖ್ಯವಾಗಿ ನನ್ನಂತಹ ಮೇಷ್ಟರಲ್ಲಿ ನನ್ನ ಬಿನ್ನಹವಿಷ್ಟೆ: ಈ ಇಂಗ್ಲಿಷ್ ಗುಣವಾಚಕ ಲೇಖನಿಯ ತುದಿಗೆ ಬಂದಾಗ ಒಂದು ಕ್ಷಣ ತಡೆದು, ‘ಇವನು ಮಾಡಿದ್ದೇನು?’ ಎಂದು ಕೇಳಿಕೊಳ್ಳಿ. ಉತ್ತರ ಸಿಕ್ಕರೆ ಕನ್ನಡದ ಮಾತೂ ಸಿಗುತ್ತದೆ. ಸಿಗದಿದ್ದರೆ, ಆ ವಾಕ್ಯವನ್ನೇ ಬರೆಯಬೇಡಿ.

ಆ ದಿನ ನಾನು ರೈತರ ಕ್ಷಮೆ ಕೇಳಿ, ಹಳೆಯ ಮಾತನ್ನು ಹೊಡೆದುಹಾಕಿ, ‘ಪಾಠ ಚೆನ್ನಾಗಿ ಬಲ್ಲಳು, ಅವಸರ ಮಾಡುತ್ತಾಳೆ, ಬರೆದದ್ದನ್ನು ಮತ್ತೊಮ್ಮೆ ಓದುವುದಿಲ್ಲ’ ಎಂದು ಬರೆದುಕೊಟ್ಟೆ. ಅವರು ಬೆರಳಿಟ್ಟು ಅಕ್ಷರ ಅಕ್ಷರ ಓದಿದರು. ಮುಖ ಸಡಿಲವಾಯಿತು.

“ಇದು ಖರೆ ಐತ್ರಿ ಸಾರ್. ಒಲಿ ಮ್ಯಾಲ ಹಾಲಿಟ್ಟು ಮರೀತಾಳ. ಇದನ್ನ ನಮ್ಮಣ್ಣಗ ತೋರಿಸ್ತೀನಿ” ಎಂದರು.

ಹುಡುಗಿ ಕಾಲೇಜಿಗೆ ಬರುತ್ತಿದ್ದಾಳೆ.