ರೀಲಿಗೂ ಒಂದು ಲಿಖಿತ ನಿಯಮ ಬೇಕು

ಗೆ,
ಮಹಾನಿರ್ದೇಶಕರು,
ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ,
ನವದೆಹಲಿ



ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯಲ್ಲಿ ಸಡಿಲಿಕೆ ಬೇಡುವ ಪತ್ರ ಇದಲ್ಲ. 1976ರ ಸೆಪ್ಟೆಂಬರ್‌ನಲ್ಲಿ ಇಂಡಿಯನ್ ಏರ್‌ಲೈನ್ಸ್ ವಿಮಾನದ ಅಪಹರಣವಾದ ಮೇಲೆ ನಿಮ್ಮ ಬ್ಯೂರೊ ಒಂದು ಸಣ್ಣ ಘಟಕವಾಗಿ ಹುಟ್ಟಿತು. 1985ರ ಏರ್ ಇಂಡಿಯಾ ಕನಿಷ್ಕ ವಿಮಾನ ದುರಂತದ ನಂತರ, 1987ರಲ್ಲಿ ಸ್ವತಂತ್ರ ಇಲಾಖೆಯಾಯಿತು. ಆ ಇತಿಹಾಸ ಬಲ್ಲ ಯಾರೂ ನಿಮ್ಮ ಕೆಲಸವನ್ನು ಹಗುರವಾಗಿ ಕಾಣಲಾರರು. ನನ್ನ ಕೋರಿಕೆ ಇಷ್ಟೇ: ತೊಳೆಸದ ಕ್ಯಾಮೆರಾ ರೀಲನ್ನು ಪ್ರಯಾಣಿಕ ಕೇಳಿಕೊಂಡಾಗ ಎಕ್ಸ್‌ರೇ ಯಂತ್ರಕ್ಕೆ ಹಾಕದೆ ಕೈಯಲ್ಲೇ ತಪಾಸಣೆ ಮಾಡಬೇಕೆಂದು ಬ್ಯೂರೊ ಲಿಖಿತ ಸುತ್ತೋಲೆ ಹೊರಡಿಸಬೇಕು. ಈಗ ಅದು ಸರತಿಯ ಆ ತುದಿಯಲ್ಲಿ ನಿಂತ ಸಿಬ್ಬಂದಿಯ ಮರ್ಜಿಗೆ ಬಿಟ್ಟ ವಿಷಯವಾಗಿದೆ. ಒಬ್ಬರು ನಕ್ಕು ಬಿಡುತ್ತಾರೆ, ಇನ್ನೊಬ್ಬರು ಟ್ರೇಯಲ್ಲಿ ಹಾಕಲೇಬೇಕು ಎನ್ನುತ್ತಾರೆ. ಇಬ್ಬರ ಕೈಯಲ್ಲೂ ತೋರಿಸಲು ಒಂದು ಕಾಗದವಿಲ್ಲ.

ಈ ಮಾತನ್ನು ಇಪ್ಪತ್ತು ವರ್ಷದ ಹಿಂದೆ ಬರೆದಿದ್ದರೆ ಅಷ್ಟು ಜರೂರಿರುತ್ತಿರಲಿಲ್ಲ ಎಂದು ಒಪ್ಪುತ್ತೇನೆ. ಕೈಚೀಲ ನೋಡುವ ಹಳೆಯ ಎಕ್ಸ್‌ರೇ ಯಂತ್ರದ ಕಿರಣ ದುರ್ಬಲ. ಐಎಸ್‌ಒ 100, 200, 400ರ (ಈ ಸಂಖ್ಯೆ ಹೆಚ್ಚಿದಷ್ಟೂ ಫಿಲ್ಮ್ ಬೆಳಕಿಗೆ ಹೆಚ್ಚು ಸೂಕ್ಷ್ಮ) ರೀಲು ನಾಲ್ಕಾರು ಸಲ ಅದರೊಳಗೆ ಹೋಗಿ ಬಂದರೂ ಕಣ್ಣಿಗೆ ಕಾಣುವಂಥ ಹಾನಿ ಆಗುವುದಿಲ್ಲ. ಆದರೆ ಈಗ ಯಂತ್ರವೇ ಬದಲಾಗುತ್ತಿದೆ. 2023ರ ಕೊನೆಯಲ್ಲಿ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ಪ್ರಯೋಗಕ್ಕಿಟ್ಟ ಸಿ.ಟಿ. ಯಂತ್ರ ಆಸ್ಪತ್ರೆಯ ಸ್ಕ್ಯಾನ್‌ನಂತೆಯೇ ಚೀಲದ ಸುತ್ತ ಕಿರಣವನ್ನು ತಿರುಗಿಸಿ ನೂರಾರು ಕೋನಗಳಿಂದ ಚಿತ್ರ ತೆಗೆಯುತ್ತದೆ. ಲ್ಯಾಪ್‌ಟಾಪ್ ಹೊರತೆಗೆಯುವ ಗೋಜಿಲ್ಲ, ಸರತಿ ಬೇಗ ಸಾಗುತ್ತದೆ. ಎಲ್ಲರಿಗೂ ಲಾಭವೇ, ರೀಲು ಹಿಡಿದವನೊಬ್ಬನನ್ನು ಬಿಟ್ಟು. ಫಿಲ್ಮಿನ ಮೇಲಿರುವ ಬೆಳ್ಳಿಯ ಲವಣದ ಹರಳುಗಳಿಗೆ ಬೆಳಕು ಯಾವುದು, ಎಕ್ಸ್‌ರೇ ಯಾವುದು ಎಂಬ ಭೇದವಿಲ್ಲ, ಎರಡೂ ಅವುಗಳ ಮೇಲೆ ಗುರುತು ಬಿಡುತ್ತವೆ. ಆ ಗುರುತು ಅಳಿಸಿಹೋಗುವುದೂ ಇಲ್ಲ. ಒಂದು ನಿಲ್ದಾಣದಲ್ಲಿ ಬಿದ್ದದ್ದಕ್ಕೆ ಮುಂದಿನ ನಿಲ್ದಾಣದ್ದು ಸೇರುತ್ತದೆ. ತೊಳೆದಾಗ ಕಪ್ಪಾಗಿರಬೇಕಾದ ಭಾಗಕ್ಕೆ ಮಳೆಗಾಲದ ಗೋಡೆಗೆ ಬೂಸ್ಟು ಹಿಡಿದ ಹಾಗೆ ಬೂದು ಹರಡಿರುತ್ತದೆ. ಕೆಲವೊಮ್ಮೆ ಪಟ್ಟಿಪಟ್ಟಿಯಾಗಿ ಅಲೆಯೂ ಕಾಣುತ್ತದೆ. ಫಿಲ್ಮ್ ತಯಾರಿಸುವ ಕೊಡ್ಯಾಕ್, ಇಲ್‌ಫೋರ್ಡ್ ಕಂಪನಿಗಳೇ ಸಿ.ಟಿ. ಯಂತ್ರಕ್ಕೆ ರೀಲು ಕೊಡಬೇಡಿ, ಕೈ ತಪಾಸಣೆ ಕೇಳಿ ಎಂದು ಗ್ರಾಹಕರನ್ನು ಎಚ್ಚರಿಸಿವೆ. ಸೀಸದ ಚೀಲದಲ್ಲಿಟ್ಟರೆ ಸಾಕು ಎಂಬ ಹಳೆಯ ಉಪಾಯವೂ ನಡೆಯುವುದಿಲ್ಲ. ಪರದೆಯ ಮೇಲೆ ಕಪ್ಪು ಗಡ್ಡೆ ಕಂಡರೆ ಸಿಬ್ಬಂದಿ ಚೀಲ ಬಿಚ್ಚಿಸದೆ ಬಿಡುತ್ತಾರೆಯೇ? ಬಿಡಲೂಬಾರದು.

ನಾನಿರುವ ಹುಲೇಕಲ್‌ನಂಥ ಊರಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ನಮ್ಮ ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿಯ ಮುಂಚಿನ ರಾತ್ರಿಗಳಲ್ಲಿ ಬೇಡರ ವೇಷ ಕುಣಿಯುತ್ತದೆ. ಬೆನ್ನಿಗೆ ಕಟ್ಟಿದ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ, ಹಿಂದೆ ತಮಟೆ, ಸುತ್ತಲೂ ಕತ್ತಲೆ. ಇದನ್ನು ಫಿಲ್ಮಿನಲ್ಲಿ ಹಿಡಿಯಬೇಕೆಂದರೆ 800ರ ರೀಲು ಬೇಕು, ಅಥವಾ 400ರ ರೀಲನ್ನು 1600ಕ್ಕೆ ಏರಿಸಿ ತೊಳೆಸಬೇಕು. ಎಕ್ಸ್‌ರೇ ಮೊದಲು ಕೆಡಿಸುವುದು ಇಂಥ ಸೂಕ್ಷ್ಮ ರೀಲನ್ನೇ, ಅದರಲ್ಲೂ ನೆರಳಿನ ಭಾಗವನ್ನೇ. ವೇಷದ ಮುಖ ಉಳಿದೀತು. ಕತ್ತಲಲ್ಲಿ ಅರೆಬರೆ ಕಾಣುವ ಗರಿಗಳ ಅಂಚು, ಹಿಂದೆ ನಿಂತ ತಮಟೆಯವರ ಕಣ್ಣು ಬೂದಿನಲ್ಲಿ ಹೂತುಹೋಗುತ್ತವೆ. ಹಬ್ಬಕ್ಕೆಂದು ಬಂದ, ಹೊರದೇಶದಲ್ಲಿ ನೆಲೆಸಿದ ಮಕ್ಕಳು ಇಂಥ ರೀಲು ಹಿಡಿದು ಹುಬ್ಬಳ್ಳಿಯಲ್ಲಿ ವಿಮಾನ ಹತ್ತಿದರೆ ಅಲ್ಲೊಂದು ತಪಾಸಣೆ, ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇನ್ನೊಂದು, ನಡುದಾರಿಯ ನಿಲ್ದಾಣದಲ್ಲಿ ಮತ್ತೊಂದು. ಯಾವ ನಿಲ್ದಾಣದಲ್ಲಿ ಯಾವ ಯಂತ್ರ ಎಂದು ಪ್ರಯಾಣಿಕನಿಗೆ ತಿಳಿಸುವ ಫಲಕವೂ ಸಾಮಾನ್ಯವಾಗಿ ಇರುವುದಿಲ್ಲ.

ಭದ್ರತೆಯಲ್ಲಿ ಯಾರಿಗೂ ಕಡಿಮೆಯಿಲ್ಲದ ಅಮೆರಿಕ ಇದನ್ನು ನಿಯಮದಲ್ಲೇ ಬರೆದಿಟ್ಟಿದೆ. ಅಲ್ಲಿನ ಫೆಡರಲ್ ನಿಯಮಾವಳಿಯ ಪ್ರಕಾರ ಎಕ್ಸ್‌ರೇ ಬಳಸುವ ಕಡೆ ಫಿಲ್ಮಿನ ಬಗ್ಗೆ ಎಚ್ಚರಿಸುವ ಫಲಕ ಹಾಕಬೇಕು; ಪ್ರಯಾಣಿಕ ಕೇಳಿದರೆ ಛಾಯಾಗ್ರಹಣದ ಉಪಕರಣ, ಫಿಲ್ಮುಗಳನ್ನು ಎಕ್ಸ್‌ರೇ ಇಲ್ಲದೆಯೇ ಪರೀಕ್ಷಿಸಬೇಕು. 2001ರ ದಾಳಿ ಕಂಡ ಮೇಲೂ ಆ ದೇಶ ಈ ನಿಯಮವನ್ನು ಕಿತ್ತುಹಾಕಲಿಲ್ಲ. ಅಷ್ಟು ದೂರ ಹೋಗುವುದೂ ಬೇಡ. ದೇಶದೊಳಗಿನ ವಿಮಾನಗಳಲ್ಲಿ ಸಿಖ್ ಪ್ರಯಾಣಿಕರು ಕೃಪಾಣ ಒಯ್ಯಬಹುದೆಂದು, ಅಲಗು ಆರು ಇಂಚು, ಒಟ್ಟು ಉದ್ದ ಒಂಬತ್ತು ಇಂಚು ಮೀರಬಾರದೆಂದು ನಿಮ್ಮ ಬ್ಯೂರೊವೇ ಅಳತೆ ಸಮೇತ ಬರೆದಿದೆ. ಅದು ಧಾರ್ಮಿಕ ಹಕ್ಕಿನ ವಿಷಯ, ರೀಲಿಗೆ ಆ ತೂಕವಿಲ್ಲ, ನಿಜ. ಆದರೆ ಸೂಕ್ಷ್ಮವಾದ ವಿನಾಯಿತಿಯನ್ನು ಗೊಂದಲವಿಲ್ಲದೆ ಬರೆಯುವ ಕಲೆ ಬ್ಯೂರೊಗೆ ಗೊತ್ತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅಲ್ಲದೆ ನಾನು ಕೇಳುತ್ತಿರುವುದು ತಪಾಸಣೆಯಿಂದ ವಿನಾಯಿತಿಯಲ್ಲ, ಬೇರೆ ಬಗೆಯ ತಪಾಸಣೆ.

ರೀಲಿನ ಡಬ್ಬಿಯಲ್ಲಿ ಏನಾದರೂ ಅಡಗಿಸಿಟ್ಟರೆ? ನಿಮ್ಮ ಕಡೆಯಿಂದ ಬರಬಹುದಾದ ಗಟ್ಟಿ ಆಕ್ಷೇಪ ಇದು. 35 ಎಂ.ಎಂ. ರೀಲನ್ನು ಪ್ಲಾಸ್ಟಿಕ್ ಡಬ್ಬಿಯಿಂದ ತೆಗೆದು ಪಾರದರ್ಶಕ ಚೀಲದಲ್ಲಿ ಕೊಟ್ಟರೆ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಬಹುದು. ಸ್ಫೋಟಕದ ಕಣ ಪತ್ತೆ ಮಾಡುವ ಯಂತ್ರ ತಪಾಸಣಾ ಕೇಂದ್ರಗಳಲ್ಲಿ ಈಗಾಗಲೇ ಇದೆ. ಅದರ ಬಟ್ಟೆಯ ಪಟ್ಟಿಯನ್ನು ರೀಲುಗಳ ಮೇಲೆ ಒರೆಸಿ ಯಂತ್ರಕ್ಕೆ ಹಿಡಿದರೆ ಉತ್ತರ ಸಿಗುತ್ತದೆ. ಕಷ್ಟ ಬರುವುದು ಬಿಚ್ಚಲಾಗದ ವಸ್ತುಗಳಲ್ಲಿ. ಸಿನಿಮಾ ನೆಗೆಟಿವ್‌ನ ತಗಡಿನ ಡಬ್ಬಿ, ದೊಡ್ಡ ಕ್ಯಾಮೆರಾದ ಹಾಳೆ ಫಿಲ್ಮಿನ ಪೆಟ್ಟಿಗೆಗಳನ್ನು ಬೆಳಕಿನಲ್ಲಿ ತೆರೆದರೆ ಎಲ್ಲವೂ ಹಾಳು. ಇವಕ್ಕೆ ಮುಂಗಡ ಪತ್ರ ಬೇಕೆಂದು ಬ್ಯೂರೊ ಷರತ್ತು ಹಾಕಿದರೆ ನನ್ನ ತಕರಾರಿಲ್ಲ. ತೃಪ್ತಿಯಾಗದಿದ್ದಲ್ಲಿ ಒಯ್ಯಲು ಬಿಡದಿರುವ ಅಧಿಕಾರವೂ ಸಿಬ್ಬಂದಿಗೆ ಇರಲಿ. ಯಂತ್ರಕ್ಕೆ ಹಾಕುವುದೋ ವಾಪಸು ಒಯ್ಯುವುದೋ ಎಂಬ ಆಯ್ಕೆ ಮಾತ್ರ ರೀಲಿನ ಒಡೆಯನದಾಗಿರಲಿ.

ಇನ್ನೊಂದು ಮಾತು ಹೆಚ್ಚಾಗಿ ಕೇಳಿಬರುತ್ತದೆ: ಮೊಬೈಲ್ ಇರುವಾಗ ರೀಲು ಯಾರಿಗೆ ಬೇಕು? ಮಂದಿ ಕಡಿಮೆ ನಿಜ, ಹಾಗಾಗಿ ಸುತ್ತೋಲೆಯ ಖರ್ಚೂ ಕಡಿಮೆ. ಆದರೆ ಇವರು ಯಾರೆಂದು ನೋಡಿ. ಮೈಸೂರಿನ ಟಿ.ಎಸ್. ಸತ್ಯನ್ ವಿಶ್ವ ಆರೋಗ್ಯ ಸಂಸ್ಥೆಯ ಸಿಡುಬು ನಿರ್ಮೂಲನ ಕಾರ್ಯಕ್ರಮಕ್ಕೆ ತೆಗೆದ ಚಿತ್ರಗಳೆಲ್ಲ ಫಿಲ್ಮಿನವು. 1978ರ 'ಸಿಂಗಪೂರ್‌ನಲ್ಲಿ ರಾಜಾ ಕುಳ್ಳ' ಪರದೇಶದಲ್ಲಿ ಚಿತ್ರೀಕರಣವಾದದ್ದೂ ಫಿಲ್ಮಿನಲ್ಲೇ. ಅದು ಹಳೆಯ ಕಥೆ ಎನ್ನುವುದಾದರೆ 2023ರ 'ಆಪನ್‌ಹೈಮರ್' ಕೂಡ ಫಿಲ್ಮಿನಲ್ಲೇ ಚಿತ್ರೀಕರಣವಾಗಿದೆ. ಕಾಲೇಜು ಮಕ್ಕಳ ಕೈಯಲ್ಲಿರುವ ಇನ್‌ಸ್ಟಾಕ್ಸ್ ಕ್ಯಾಮೆರಾದ ಫಿಲ್ಮ್ 800ರದ್ದು. ಅದು ಕೆಡಬಹುದೆಂಬುದು ಕೊಂಡವರಲ್ಲಿ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಬಾಗಿಲು ಹಾಕಿದ ಮೇಲೆ ಪೇಟೆಯಲ್ಲಿ ಸಿಗುವುದು ಹೊರಗಿನ ಮಾಲು, ಬೆಲೆಯೂ ದುಬಾರಿ. ಕೊರಿಯರ್‌ನಲ್ಲಿ ಕಳಿಸಿ ಎನ್ನುವವರು ಆ ಪಾರ್ಸಲ್ಲೂ ವಿಮಾನ ಹತ್ತುವ ಮೊದಲು ಎಕ್ಸ್‌ರೇ ದಾಟಬೇಕೆಂಬುದನ್ನು ಮರೆಯುತ್ತಾರೆ. ಚೆಕ್-ಇನ್ ಲಗೇಜಿನ ಯಂತ್ರವಂತೂ ಕೈಚೀಲದ ಹಳೆಯ ಯಂತ್ರಕ್ಕಿಂತ ಎಷ್ಟೋ ಕಠೋರ.

ಲಿಖಿತ ನಿಯಮದ ಲಾಭ ಪ್ರಯಾಣಿಕನಿಗಿಂತ ತಪಾಸಣೆ ಮಾಡುವ ಸಿಬ್ಬಂದಿಗೇ ಹೆಚ್ಚು. ಕರುಣೆ ತೋರಿ ರೀಲನ್ನು ಕೈಯಲ್ಲಿ ನೋಡಿ ಬಿಟ್ಟ ಜವಾನ ಇವತ್ತು ತನ್ನ ನೌಕರಿಯನ್ನೇ ಪಣಕ್ಕಿಡುತ್ತಾನೆ. ಮೇಲಧಿಕಾರಿ ಕೇಳಿದರೆ ಅವನ ಬಳಿ ಉತ್ತರವಿಲ್ಲ. ಹೀಗಿರುವಾಗ ಇಲ್ಲ ಎನ್ನುವುದೇ ಅವನಿಗೆ ಕ್ಷೇಮ. ಅವನನ್ನು ದೂರಿ ಪ್ರಯೋಜನವಿಲ್ಲ.

ಆದ್ದರಿಂದ ಸಿ.ಟಿ. ಯಂತ್ರಗಳು ಎಲ್ಲ ನಿಲ್ದಾಣಗಳಿಗೆ ಬಂದು ಕೂರುವ ಮೊದಲೇ ಒಂದು ಪುಟದ ಸುತ್ತೋಲೆ ಹೊರಡಿಸಿ. ಡಬ್ಬಿಯಿಂದ ತೆಗೆದು ಪಾರದರ್ಶಕ ಚೀಲದಲ್ಲಿ ತಂದ ಫಿಲ್ಮನ್ನು, ಅದರ ಐಎಸ್‌ಒ ಎಷ್ಟೇ ಇರಲಿ, ಕೇಳಿದವರಿಗೆ ಕೈಯಿಂದಲೂ ಕಣಪತ್ತೆ ಯಂತ್ರದಿಂದಲೂ ಪರೀಕ್ಷಿಸಬೇಕು ಎಂದು ಅದರಲ್ಲಿರಲಿ. ಸಿ.ಟಿ. ಯಂತ್ರವಿರುವ ಪ್ರತಿ ಸರತಿಯ ಬಾಯಲ್ಲಿ ಫಿಲ್ಮಿನ ಎಚ್ಚರಿಕೆಯ ಫಲಕ ಸ್ಥಳೀಯ ಭಾಷೆಯಲ್ಲೂ ಇರಲಿ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಅದು ಕನ್ನಡದಲ್ಲಿರಲಿ. ಸುತ್ತೋಲೆಯ ಪ್ರತಿಯನ್ನು ಬ್ಯೂರೊದ ಜಾಲತಾಣದಲ್ಲಿ ಹಾಕಿ, ಪ್ರಯಾಣಿಕರು ಅದನ್ನು ಮುದ್ರಿಸಿಕೊಂಡು ಜೊತೆಯಲ್ಲಿ ಒಯ್ಯಲು ಅನುಕೂಲ ಮಾಡಿಕೊಡಬೇಕೆಂದು ವಿನಂತಿ.

ಇತಿ ತಮ್ಮ ವಿಶ್ವಾಸಿ,
ಹುಲೇಕಲ್, ಶಿರಸಿ ತಾಲ್ಲೂಕು, ಉತ್ತರ ಕನ್ನಡ