ಸಂಕೇತದ ಮರೆಯಲ್ಲಿ ಕನ್ನಡ

ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾದುದು 1117ರಲ್ಲಿ. ಅಲ್ಲಿಯ ಮದನಿಕೆಯರ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳ ಹೆಸರುಗಳಿವೆ. ಕೆಲಸ ಯಾರದೆಂದು ತಿಳಿಸುವ ಇಂಥ ಏರ್ಪಾಡು ಇಂದಿನ ಮುಕ್ತ ತಂತ್ರಾಂಶಗಳಲ್ಲಿಯೂ ಉಂಟು. ಪ್ರತಿಯೊಂದು ತಿದ್ದುಪಡಿಯ ಜೊತೆಗೂ ತಿದ್ದಿದವರ ಹೆಸರನ್ನು ಗಿಟ್ ಎಂಬ ಸಾಧನ ದಾಖಲಿಸಿಡುತ್ತದೆ.

ಮೊಬೈಲಿನ ತಂತ್ರಾಂಶಗಳನ್ನು ಕಟ್ಟಲು ನೆರವಾಗುವ ಫ್ಲಟರ್ ಎಂಬ ಚೌಕಟ್ಟು ಈ ಬಗೆಯದು. ಗೂಗಲ್ ಸಂಸ್ಥೆ ಅದರ ಮೊದಲ ಸ್ಥಿರ ಆವೃತ್ತಿಯನ್ನು 2018ರ ಡಿಸೆಂಬರಿನಲ್ಲಿ ಹೊರತಂದಿತು. ಮೂಲಪಠ್ಯ ಗಿಟ್‌ಹಬ್ಬಿನಲ್ಲಿ ಎಲ್ಲರಿಗೂ ತೆರೆದಿದೆ, ಕಾಸು ಕೊಡಬೇಕಾದುದಿಲ್ಲ. ಆದರೆ ಅದನ್ನು ಮೊದಲ ಪುಟದಿಂದ ಕಾದಂಬರಿಯಂತೆ ಓದಹೊರಟವನು ಮೂರನೆಯ ದಿನವೇ ಕೈಬಿಟ್ಟಾನು. ಒಂದು ಚಿಕ್ಕ ಮಾದರಿಯನ್ನು ಕಟ್ಟಿ ನಡೆಸುವುದು, ಪರದೆಯ ಮೇಲೆ ಕಂಡ ಒಂದು ಗುಂಡಿಯನ್ನೋ ಪದವನ್ನೋ ಹಿಡಿದು ಅದು ಹುಟ್ಟಿದ ಕಡತವನ್ನು ಹುಡುಕುವುದು ಲೇಸಾದ ದಾರಿ. ಫ್ಲಟರಿನಲ್ಲಿ ಇನ್ನೊಂದು ಅನುಕೂಲವಿದೆ. ಗಣಕಕ್ಕೆ ಇಳಿಸಿಕೊಂಡ ಸಾಧನದೊಳಗೇ ಡಾರ್ಟ್ ಭಾಷೆಯ ಮೂಲಪಠ್ಯವೂ ಇರುತ್ತದೆ. ಅಲ್ಲಿ ಗುಂಡಿಯ ಅಳತೆಯನ್ನು ಬದಲಿಸಿದರೆ ಮಾದರಿಯಲ್ಲಿ ಅದು ಒಡನೆಯೇ ಕಾಣುತ್ತದೆ. ಕೆಡಿಸಿ ನೋಡಿ ಕಲಿಯುವುದಕ್ಕೆ ಇದಕ್ಕಿಂತ ಸುಲಭವಾದ ಏರ್ಪಾಡು ಬೇಕಿಲ್ಲ. ಕೆಟ್ಟುದನ್ನು ಮೊದಲಿನಂತೆ ಮಾಡಿಕೊಡಲು ಗಿಟ್ ಇದ್ದೇ ಇದೆ.

ಹೀಗೆ ಹುಡುಕುತ್ತ ಹೋಗುವ ಕನ್ನಡಿಗನಿಗೆ ಒಂದು ಸೋಜಿಗ ಕಾದಿದೆ. ಫ್ಲಟರಿನಲ್ಲಿ ಭಾಷೆಗೊಂದರಂತೆ ಪದಗಳ ಕಡತಗಳಿವೆ. ತಮಿಳಿನದನ್ನು ತೆರೆದರೆ ತಮಿಳು, ತೆಲುಗಿನದನ್ನು ತೆರೆದರೆ ತೆಲುಗು. ಕೆ, ಎನ್ ಎಂಬ ಎರಡಕ್ಷರಗಳ ಗುರುತಿನ ಕನ್ನಡದ ಕಡತವನ್ನು ತೆರೆದರೆ ಮಾತ್ರ ಕನ್ನಡವೇ ಇಲ್ಲ! ಉದ್ದಕ್ಕೂ ಯೂನಿಕೋಡಿನ ಸಂಕೇತಗಳು. ‘ಕ’ ಎಂಬುದಕ್ಕೆ ಸೊನ್ನೆ, ಸಿ, ಒಂಬತ್ತು, ಐದು. ಬೇಲೂರು ಎಂದು ಬರೆಯಬೇಕಾದರೆ ಮೂರಕ್ಷರಗಳಿಗೆ ಇಂಥ ಆರು ಸಂಕೇತಗಳು ಬೇಕು. ಕಾರಣ ವಿಚಿತ್ರವಾದುದು. ಈಮ್ಯಾಕ್ಸ್ ಎಂಬ ಹಳೆಯ ಸಂಪಾದನ ಸಾಧನವೊಂದು ಕನ್ನಡದ ಅಕ್ಷರಗಳನ್ನು ತೋರಿಸಹೋಗಿ ಕುಸಿದುಬೀಳುತ್ತಿತ್ತು. ಅದನ್ನು ತಪ್ಪಿಸಲು ಕನ್ನಡದ ಪದಗಳನ್ನೆಲ್ಲ ಸಂಕೇತಗಳಾಗಿ ಮಾರ್ಪಡಿಸುವ ಪುಟ್ಟ ಕ್ರಮವಿಧಿಯನ್ನೇ ಬರೆದಿಟ್ಟರು.

ಮೊಬೈಲನ್ನು ಬಳಸುವವರಿಗೆ ಇದರಿಂದ ಬಾಧಕವಿಲ್ಲ. ಪರದೆಯ ಮೇಲೆ ಅಕ್ಷರಗಳು ಸರಿಯಾಗಿಯೇ ಮೂಡುತ್ತವೆ. ಬಾಧಕವಿರುವುದು ತಿದ್ದುವವರಿಗೆ. ದೋಷ ಇದ್ದುದು ಸಾಧನದಲ್ಲಿ, ಮುಸುಕು ಬಿದ್ದುದು ಭಾಷೆಗೆ. ಅನುವಾದದ ಪದವೊಂದು ಒರಟಾಗಿದ್ದರೆ, ವಿಭಕ್ತಿ ತಪ್ಪಿದ್ದರೆ, ಕನ್ನಡ ಬಲ್ಲವನೂ ಕಡತದ ಮೇಲೆ ಕಣ್ಣಾಡಿಸಿ ಅದನ್ನು ಹಿಡಿಯಲಾರ.

ಆದರೆ ಬೀಗದ ಕೈ ಹತ್ತಿರದಲ್ಲೇ ಇದೆ. ಕಡತವಿರುವುದು ಜೇಸನ್ ಎಂಬ ಸಾಮಾನ್ಯ ಕ್ರಮದಲ್ಲಿ. ಅದನ್ನು ಓದಿ ಹೊರಗೆಡಹುವ ನಾಲ್ಕಾರು ಸಾಲುಗಳ ಡಾರ್ಟ್ ಕ್ರಮವಿಧಿಯನ್ನು ಕಾಲೇಜಿನ ಹುಡುಗಿಯೊಬ್ಬಳು ಒಂದು ಸಂಜೆಯಲ್ಲಿ ಬರೆದಾಳು. ಸಂಕೇತಗಳು ಮತ್ತೆ ಕನ್ನಡವಾಗಿ ಸಾಲುಗಟ್ಟುತ್ತವೆ. ಪಕ್ಕದಲ್ಲಿ ಇಂಗ್ಲಿಷಿನ ಕಡತವನ್ನಿರಿಸಿಕೊಂಡರೆ ಪ್ರತಿಯೊಂದು ಪದ ಎಲ್ಲಿ ಬಳಕೆಯಾಗುವುದೆಂಬ ವಿವರಣೆಯೂ ಅಲ್ಲಿ ಸಿಕ್ಕುತ್ತದೆ. ಅಲ್ಲಿಂದ ಮುಂದಿನದು ಭಾಷೆ ಬಲ್ಲವರ ಕೆಲಸ. ಮನೆಯಲ್ಲಿ ಅಜ್ಜನೋ ಅಮ್ಮನೋ ಕನ್ನಡಕ ಏರಿಸಿಕೊಂಡು ಪಕ್ಕದಲ್ಲಿ ಕುಳಿತರೆ ಇನ್ನೂ ಒಳ್ಳೆಯದು.